ಅಗಸಿಯ ಕದದ ಒಳಮಗ್ಗುಲು

ಸುಮ್ಮನೆ ಕುಳಿತಿರುವುದು ನನ್ನಿಂದಾಗದು. ಚಹಾವನ್ನೂ ಪಡಸಾಲೆಯಲ್ಲಿ ಅಡ್ಡಾಡುತ್ತಲೇ ಕುಡಿಯುತ್ತೇನೆ. ಸಾಲೆಯ ನೌಕರಿ ಮುಗಿದ ಮೇಲಂತೂ ನನ್ನಾಕೆ ಬೇಸತ್ತು, "ಊರಿಗೇನರ ಉಪಕಾರ ಆಗೋ ಕೆಲಸಾ ಮಾಡ್ರಿ, ಮನಿಗೂ ಉಪಕಾರ ಆಗತೈತಿ" ಎಂದಳು.

ಹಾಗೆ ನಾನು ಊರಿನ ಇತಿಹಾಸ ಉಳಿಸಲು ಹೊರಟೆ. ಹೊಸ ಸಭಾಗೃಹದಲ್ಲಿ ಒಂದು ಮೂಲೆ ಬೇಡಿ ಪಡೆದು, ಹಳೆಯ ವಸ್ತು ತಂದುಕೊಡಿರೆಂದು ಮನೆಮನೆಗೆ ಹೇಳಿ ಬಂದೆ. ಬಂದವು ಬರೀ ಮೊಂಡ ಕತ್ತಿಗಳು. ಪ್ರತಿಯೊಬ್ಬರ ಮುತ್ತಜ್ಜನೂ ದಂಡಿನ ಮುಂದೆ ನಡೆದವನೇ; ಹಿಂದೆ ನಡೆದವರ ವಂಶ ನಮ್ಮೂರಲ್ಲಿ ಉಳಿದೇ ಇಲ್ಲ.

ಅಷ್ಟರಲ್ಲಿ ಧಾರವಾಡದ ಮೋಟಾರು ಊರೊಳಗೆ ಬರಲೆಂದು ಅಗಸಿಯನ್ನು, ಅಂದರೆ ಊರ ಹೆಬ್ಬಾಗಿಲನ್ನು, ಕೆಡವಿದರು. ಒಂದು ಕದ ಗೆದ್ದಲಿಗೆ ಹೋಗಿತ್ತು. ಉಳಿದೊಂದನ್ನು ಸೌದೆಯವರ ಕೈಯಿಂದ ಬಿಡಿಸಿ, ಎತ್ತಿನ ಗಾಡಿಯಲ್ಲಿ ಸಭಾಗೃಹದ ಮುಂದೆ ತಂದು ಮಲಗಿಸಿದೆ. ಅದನ್ನು ಯಾವ ಅರಸ ಮಾಡಿಸಿರಬಹುದೆಂದು ಯೋಚಿಸುವ ಗಡಿಬಿಡಿಯಲ್ಲಿ ಸಭಾಗೃಹದ ಬಾಗಿಲ ಅಳತೆ ನೋಡುವುದನ್ನೇ ಮರೆತಿದ್ದೆ. ಕದ ಒಳಗೆ ಹೋಗಲಿಲ್ಲ.

ಸಭಾಗೃಹದ ಅಧ್ಯಕ್ಷರು ಅರಳೆ ವ್ಯಾಪಾರಿ ಬಸಲಿಂಗಪ್ಪನವರು. "ಮಾಸ್ತರ, ಒಂದು ಮೊಳ ಕೊಯ್ಸಿಬಿಡ್ರಿ. ಇತಿಹಾಸದಾಗ ಒಂದು ಮೊಳ ಕಡಿಮಿ ಆದ್ರ ಯಾರಿಗೆ ತಿಳೀತೈತಿ?"

ನಾನು ಒಪ್ಪಲಿಲ್ಲ. ಅವರು ಬಿಡಲಿಲ್ಲ. ಬಡಿಗೇರ ಹುಸೇನಸಾಬ ಗರಗಸ ಹಿಡಿದು ನಿಂತು, "ಕೊಯ್ಯಲೇನ್ರಿ, ಬ್ಯಾಡೇನ್ರಿ? ನನಗ ಮಗಳ ಮನಿಗೆ ಹೋಗೋದೈತ್ರಿ" ಎಂದ.

ಆಗ ಗೌರವ್ವ ಬಂದಳು. ಮಜ್ಜಿಗೆ ಮಾರುವ ಮುದುಕಿ. ಗಡಿಗೆ ಇಳಿಸಿ, ಕದದ ಪಕ್ಕದಲ್ಲಿ ಕುಳಿತಳು.

"ಪ್ಲೇಗಿನ ವರ್ಸ ಊರೆಲ್ಲಾ ಹೊಲದಾಗ ಗುಡಿಸಲಾ ಹಾಕಿತ್ತರಿ. ಮನಿ ಕಾಯಾಕ ನಾಕು ಮಂದಿನ್ನ ಒಳಗ ಬಿಟ್ಟು ಅಗಸಿ ಹಾಕಿದ್ರು. ಅದರಾಗ ನಮ್ಮ ಮನಿಯವ್ರೂ ಒಬ್ರು. ದಿನಾ ಸಂಜೀಕ ನಾ ಹೊರಗ ಕದಕ್ಕ ಬೆನ್ನು ಹಚ್ಚಿ ಕುಂಡ್ರತಿದ್ದೆ, ಅವ್ರು ಒಳಗ. ಎಮ್ಮಿ ಹಿಂಡತೇನು, ಮಗಳು ಉಂಡಳೇನು ಅಂತ ಕೇಳತಿದ್ರು. ಒಂದಿನ ಕರದೆ, ಓ ಅನಲಿಲ್ಲ."

ಹುಸೇನಸಾಬ ಗರಗಸ ಕೆಳಗಿಟ್ಟ.

"ಒಳಗಿನ ಮಗ್ಗಲಾ ಆಮ್ಯಾಲ ನಾ ನೋಡೇ ಇಲ್ರಿ. ಒಮ್ಮೆ ಹೊಳ್ಳಿಸ್ತೀರೇನು?"

ಖರೆ ಮಾತು. ಪ್ಲೇಗು ಮುಗಿದು ಅಗಸಿ ತೆರೆದ ಮೇಲೆ ಅದನ್ನು ಮತ್ತೆ ಯಾರೂ ಮುಚ್ಚಿರಲಿಲ್ಲ. ತೆರೆದ ಕದದ ಒಳಮಗ್ಗುಲು ಗೋಡೆಗೆ ಮುಖ ಮಾಡಿಯೇ ಇತ್ತು. ಅದರ ಮುಂದೆಯೇ ನಿತ್ಯ ಓಡಾಡಿದ ನನಗೂ ಅದು ಹೊಳೆದಿರಲಿಲ್ಲ.

ಎಲ್ಲರೂ ಕೈಹಚ್ಚಿ ಕದವನ್ನು ಹೊರಳಿಸಿದೆವು. ಅಲ್ಲಿ ಏನೂ ಇರಲಿಲ್ಲ. ಅಗುಳಿಯ ಗುರುತು, ಗೆದ್ದಲ ಮಣ್ಣು, ಅಷ್ಟೇ. ಗೌರವ್ವ ಕೆಳಗಿನ ಹಲಗೆಗಳನ್ನು ಅಂಗೈಯಿಂದ ಸವರುತ್ತ ಹೋಗಿ ಒಂದು ಕಡೆ ಕೈ ನಿಲ್ಲಿಸಿದಳು. "ಇಲ್ಲೇ ಕುಂತಿರಬೇಕು." ಮಣ್ಣನ್ನು ಸೆರಗಿನಿಂದ ಒರೆಸಿದಳು.

ಬಸಲಿಂಗಪ್ಪನವರು ಬಹಳ ಹೊತ್ತು ರುಮಾಲು ಸರಿಪಡಿಸಿಕೊಂಡರು. ಆಮೇಲೆ, "ಹುಸೇನಸಾಬ, ನೀ ಮಗಳ ಮನಿಗೆ ಹೋಗು. ಹೋಗತಾ ಗೌಂಡಿಗೆ ಬರಾಕ ಹೇಳು. ಗ್ವಾಡಿ ಒಡಸೂಣು" ಎಂದರು.

ಗೋಡೆ ಒಡೆಯಿತು, ಕದ ಒಳಗೆ ಬಂತು. ಗೋಡೆಗೆ ಆನಿಸಿದರೆ ಮತ್ತೆ ಒಂದು ಮಗ್ಗುಲು ಮುಚ್ಚುವುದೆಂದು ನಟ್ಟನಡುವೆ ನಿಲ್ಲಿಸಿದ್ದೇವೆ. ಭಾಷಣಕಾರರು ಗೊಣಗುತ್ತಾರೆ. ಪರಊರಿನವರು ಬಂದು ಇದು ಯಾವ ಅರಸನ ಕಾಲದ್ದೆಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಗೊತ್ತಿದ್ದಷ್ಟನ್ನು ಹೇಳುತ್ತ ಒಮ್ಮೆ ಈಚೆ, ಒಮ್ಮೆ ಆಚೆ ಸುತ್ತುತ್ತೇನೆ. ಅವರೂ ನನ್ನ ಹಿಂದೆ ಸುತ್ತುತ್ತಾರೆ. ಒಂದೇ ಕಡೆ ನಿಂತು ಹೇಳಲು ಈ ಕತೆ ಬರುವುದೇ ಇಲ್ಲ.