ಸಾಮಾನು ಹೊಸದು, ಮೈ ಹಳೆಯದು

ಕಲಬುರಗಿಯಿಂದ ಶಹಾಪುರಕ್ಕೆ ಬರುವ ದಾರಿಯುದ್ದಕ್ಕೂ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ಕೂತಿದ್ದೆ. ಅಣ್ಣನ ಹೃದಯಕ್ಕೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದನ್ನು ಅವನಿಗೆ ನಾನೇ ಹೇಳಬೇಕಿತ್ತು.

ಅಣ್ಣ ಗ್ಯಾರೇಜಿನವನು. ಸಗರದಿಂದ ಸುರಪುರದವರೆಗಿನ ಎಷ್ಟೋ ಜೀಪು, ಟ್ರ್ಯಾಕ್ಟರುಗಳಿಗೆ ಮರುಜನ್ಮ ಕೊಟ್ಟವನು. ಅವನೆದುರು ಯಾರಾದರೂ ‘ಗುಜರಿಗೆ ಹಾಕು’ ಎಂದರೆ ಪಾನಾ ಹಿಡಿದೇ ಜಗಳಕ್ಕೆ ನಿಲ್ಲುತ್ತಿದ್ದ. ನಾನು ನೌಕಾಪಡೆಯಲ್ಲಿ ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿದ್ದವನು. ನಾನು ನೋಡಿಕೊಂಡಿದ್ದ ಹಳೆಯ ವಿಮಾನಗಳನ್ನು ಸೇವೆಯಿಂದ ತೆಗೆದ ಸುದ್ದಿ ಅಣ್ಣನಿಗೆ ಒಂದು ದೊಡ್ಡ ಅನ್ಯಾಯದಂತೆ ಕಂಡಿತ್ತು. ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ, ಮಲಗಿದ್ದಲ್ಲಿಂದಲೇ, ಡಾಕ್ಟರ ಮಾತು ಬಿಟ್ಟು ಅದನ್ನೇ ತೆಗೆದ.

“ಏನ್ ತಮ್ಮಾ, ಇಂಜಿನ್ ಬದಲ್ ಮಾಡಿ, ಹೊಸಾ ರಾಡಾರ್ ಕೂಡ್ಸಿದ್ರ ಇನ್ನಷ್ಟು ವರ್ಷ ಹಾರ್ತಿದ್ವಲ್ಲ? ಇಷ್ಟ್ ದೊಡ್ಡ ಸರಕಾರಕ್ಕ ಒಬ್ಬ ಮಿಸ್ತ್ರಿ ಸಿಗಲಿಲ್ಲೇನು?”

ನನಗೆ ಸಿಟ್ಟು ಬಂತು. ಆ ವಿಮಾನಗಳಿಗಾಗಿ ನಾವು ಪಟ್ಟ ಪಾಡು ಇವನಿಗೇನು ಗೊತ್ತು?

ಹಡಗಿನ ಮೇಲೆ ವಿಮಾನ ಇಳಿಯುವುದೆಂದರೆ ಇಳಿಯುವುದಲ್ಲ, ಬೀಳುವುದು ಎಂದೆ. ಬಿದ್ದಷ್ಟು ಸಲವೂ ಚೌಕಟ್ಟಿನ ಲೋಹ ದಣಿಯುತ್ತದೆ. ಸಾಲದ್ದಕ್ಕೆ ಕಡಲ ಉಪ್ಪುಗಾಳಿ. ಹಾರಿ ಬಂದಾಗಲೆಲ್ಲ ಸಿಹಿನೀರಲ್ಲಿ ತೊಳೆದರೂ ತಗಡು ಕೂಡಿಸಿದ ರಿವೆಟ್ಟಿನ ಸಂದಿಯಲ್ಲಿ ಉಪ್ಪು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಬಿಡಿಭಾಗ ಮಾಡುವ ಕಾರ್ಖಾನೆ ಎಂದೋ ಮುಚ್ಚಿತ್ತು. ಒಂದು ಹಾರಲೆಂದು, ಕೆಟ್ಟು ನಿಂತ ಇನ್ನೊಂದರ ಸಾಮಾನು ಕಿತ್ತು ಹಾಕುತ್ತಿದ್ದೆವು. ಹೀಗೆ ಕಿತ್ತೂ ಕಿತ್ತೂ ಕೊನೆಗೆ ಉಳಿದವು ಬೆರಳೆಣಿಕೆಯಷ್ಟು. ಅಷ್ಟಕ್ಕೇ ಹೊಸ ರಾಡಾರು, ಹೊಸ ಇಂಜಿನ್ನು ಹಾಕಿದರೂ ಅವು ಸವೆಯುವ ಮೊದಲೇ ಹಳೆಯ ಮೈ ಮುರಿಯುತ್ತದೆ. ಒಳಗೆ ಕೂತ ಪೈಲಟ್ಟನ ಗತಿ?

“ಹೊಸಾದು ಹಾಕಬಹುದಣ್ಣಾ. ಆ ಮೈ ತಡಿಯಂಗಿಲ್ಲ,” ಎನ್ನುವಾಗ ನನ್ನ ದನಿ ಒಡೆಯಿತು. ಹೃದಯದ ವಾಲ್ವ್ ಬದಲಿಸಬಹುದು, ಆದರೆ ಆಪರೇಷನ್ನನ್ನು ಅಣ್ಣನ ದೇಹ ತಡೆಯುವುದಿಲ್ಲ ಎಂದೇ ಡಾಕ್ಟರು ಹೇಳಿದ್ದರು.

ಅಣ್ಣ ನನ್ನ ಮುಖ ನೋಡಿದ. “ಡಾಕ್ಟರೂ ಹಿಂಗ ಅಂದಾರೇನು?”

“ಹೌದಣ್ಣಾ.”

ನಾನು ಅತ್ತುಬಿಟ್ಟೆ. ವಿಮಾನಗಳನ್ನು ಬೀಳ್ಕೊಟ್ಟ ದಿನವೂ ಅತ್ತಿದ್ದೆ. ಅಂದು ಬ್ಯಾಂಡು ಮೊಳಗುತ್ತಿತ್ತು, ನನ್ನ ಬಿಕ್ಕು ಯಾರಿಗೂ ಕೇಳಿಸಿರಲಿಲ್ಲ. ಇಲ್ಲಿ ಅಡಿಗೆಮನೆಯಲ್ಲಿ ಅಣ್ಣನ ಹೆಂಡತಿ, ನನ್ನ ವೈನಿ, ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

“ಸುಮ್ಕಿರು,” ಅಣ್ಣ ಪಿಸುಗುಟ್ಟಿದ. “ನೀ ಡಾಕ್ಟರ ಕಡಿ ಹೋದಾಗಿಂದ ಆಕಿ ಒಂದು ತುತ್ತೂ ಮುಟ್ಟಿಲ್ಲ. ಇದು ಕೇಳಿದ್ರ ಮುಗೀತು.”

ಆಮೇಲೆ ಎದ್ದು ಕೂತು, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದ. “ಏ, ಕೇಳಿದೇನು? ಆಪರೇಷನ್ ಮಾಡ್ತಾರಂತ! ಖುಷಿಗೆ ಅಳಾಕತ್ಯಾನ ಇಂವ. ಬಾ, ಮೂರೂ ಮಂದಿ ಕೂಡೇ ಉಣ್ಣೋಣು.”

ವೈನಿ ತಾಟು ಹಿಡಿದು ನಗುತ್ತ ಬಂದರು. ನನ್ನ ಪಕ್ಕದಲ್ಲೇ ಕೂತು ಹೊಟ್ಟೆ ತುಂಬ ಉಂಡರು.