ಮೂಲೆಯ ಚೌಕ

ನಮ್ಮಕ್ಕ ಹದಿನಾಲ್ಕು ವರ್ಷದಿಂದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ನಕ್ಷೆ ಹಾಕುತ್ತಾಳೆ. ಅವಳೂ ಓದಿದ ಆರ್ಕಿಟೆಕ್ಟೇ. ಆದರೆ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದಲ್ಲ, ವಿನ್ಯಾಸ ಯಾರದ್ದು ಅಂತ ಬರೆಯುವುದು, ಅಲ್ಲಿ ಯಾವತ್ತೂ ಸಾಹೇಬರ ಹೆಸರೇ. ಕೇಳಿದರೆ, ಆಫೀಸಿನ ಪದ್ಧತಿ ಅದು, ಬಿಡು ಅನ್ನುತ್ತಿದ್ದಳು.

ಕಳೆದ ವರ್ಷ ಇದ್ದಕ್ಕಿದ್ದಂತೆ ಮಾಸ್ಟರ್ಸ್ ಮಾಡುತ್ತೇನೆ ಎಂದಳು. ಕೆಲಸದಲ್ಲಿರುವವರಿಗೆ ಸಂಜೆ ತರಗತಿ, ನಲವತ್ತು ತುಂಬಿದರೆ ಸೀಟಿಲ್ಲ. ಅವಳಿಗೆ ಮೂವತ್ತೊಂಬತ್ತು, ಅಂದರೆ ಇದೇ ಕೊನೆಯ ಸಲ. ಅಡುಗೆಮನೆ ಮೇಜಿನ ಮೇಲೆ ಮೂರು ಕೋರ್ಸುಗಳ ಪುಸ್ತಿಕೆ ಹರಡಿಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಂಡಳು. ನಗರ ಯೋಜನೆ ಓದಿದರೆ ಜೀವನವಿಡೀ ಭೂಪಟ, ಕಾನೂನು. ಕಟ್ಟಡ ವಿನ್ಯಾಸವನ್ನೇ ಮುಂದುವರಿಸಿದರೆ ಈಗ ಮಾಡುತ್ತಿರುವುದನ್ನೇ ಇನ್ನೆರಡು ವರ್ಷ ಮಾಡಿದಂತೆ. ಕಡೆಗೆ ಅರ್ಬನ್ ಡಿಸೈನ್ ಎಂದಳು. ಕಟ್ಟಡ ಎಲ್ಲರಿಗೂ ಕಾಣುತ್ತದೆ, ಎರಡು ಕಟ್ಟಡಗಳ ನಡುವೆ ಜನ ಎಲ್ಲಿ ನಿಲ್ಲಬೇಕು ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ, ಅದನ್ನು ಕಲಿಯಬೇಕಂತೆ.

ಸೀಟಿಗೆ ಸ್ವಂತ ಕೆಲಸ ತೋರಿಸಬೇಕಿತ್ತು. ನಮ್ಮ ಬೀದಿ ಕೊನೆಯ ಬಸ್ ಸ್ಟಾಪನ್ನು ಆರಿಸಿಕೊಂಡಳು. ನಾಲ್ಕು ತಿಂಗಳ ಭಾನುವಾರಗಳೆಲ್ಲ ನಾನು ಟೇಪಿನ ಒಂದು ತುದಿ ಹಿಡಿದು ಬಿಸಿಲಲ್ಲಿ ನಿಂತೆ. ಹೋಗುವವರು ಬರುವವರೆಲ್ಲ, ರಸ್ತೆ ಅಗಲ ಮಾಡ್ತಾರಾ, ಯಾರ ಕಾಂಪೌಂಡು ಹೋಗುತ್ತೆ ಅಂತ ನನ್ನ ತಲೆ ತಿಂದರು. ಆದರೆ ನಕ್ಷೆ ಮುಗಿದಾಗ, ನಿಜ ಹೇಳುತ್ತೇನೆ, ಹೆಮ್ಮೆಯಿಂದ ಒಂದೊಂದು ಹಾಳೆಯನ್ನೂ ಎರಡೆರಡು ಸಲ ನೋಡಿದೆ. ಮುದುಕರಿಗೆ ಕೂರಲು ಜಾಗ, ಗಾಲಿಕುರ್ಚಿ ಹತ್ತುವ ಇಳಿಜಾರು, ಎಲ್ಲ ಇತ್ತು.

ಅರ್ಜಿ ವಾಪಸ್ ಬಂತು. ಬೇರೆಯವರ ಕೆಲಸ ಸಲ್ಲಿಸಿದ್ದೀರಿ, ಪರಿಗಣಿಸಲಾಗದು ಅಂತ. ಅಕ್ಕ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಹನ್ನೆರಡು ಹಾಳೆ, ಹನ್ನೆರಡರ ಮೂಲೆಯಲ್ಲೂ ಸಾಹೇಬರ ಹೆಸರು. ಹಾಳು ಅಭ್ಯಾಸ! ಆಫೀಸಿನ ಖಾಲಿ ಹಾಳೆಯ ಫೈಲಿನಲ್ಲೇ ಶುರು ಮಾಡಿದ್ದಳು, ಅದರಲ್ಲಿ ಆ ಹೆಸರು ಮೊದಲೇ ತುಂಬಿರುತ್ತದೆ. ಹದಿನಾಲ್ಕು ವರ್ಷ ನೋಡಿ ನೋಡಿ ಅದು ಅವಳ ಕಣ್ಣಿಗೆ ಕಾಣುವುದನ್ನೇ ಬಿಟ್ಟಿತ್ತು. ಪಕ್ಕದಲ್ಲೇ ಕೂತಿದ್ದ ನನ್ನ ಕಣ್ಣಿಗಾದರೂ ಏನಾಗಿತ್ತೋ. ಮೂರು ಸಲ ಕಾಲೇಜಿಗೆ ಹೋಗಿ ಬೇಡಿಕೊಂಡಳು. ಪಟ್ಟಿ ಅಂತಿಮವಾಗಿದೆ ಎಂದರು.

ಹದಿನೈದು ದಿನ ಕಳೆದು ಸಾಹೇಬರು ಅವಳನ್ನು ಕರೆದರು. ಅದೇ ಕಾಲೇಜಿನಿಂದ ಅವರಿಗೆ ಪತ್ರ ಬಂದಿತ್ತು: ನಿಮ್ಮ ಬಸ್ ಸ್ಟಾಪಿನ ವಿನ್ಯಾಸ ಸೊಗಸಾಗಿದೆ, ನಮ್ಮ ಅರ್ಬನ್ ಡಿಸೈನ್ ವಿದ್ಯಾರ್ಥಿಗಳಿಗೆ ಬಂದು ಪಾಠ ಮಾಡಿ. ಯಾವ ಬಸ್ ಸ್ಟಾಪಮ್ಮ ಇದು ಎಂದು ಕೇಳಿದರಂತೆ. ಅಕ್ಕ ಎಲ್ಲ ಹೇಳಿದಳು. ಕೆಟ್ಟ ಮನುಷ್ಯರಲ್ಲ, ನೊಂದುಕೊಂಡರು. ಹಾಳೆಗಳನ್ನು ಮತ್ತೆ ಪ್ರಿಂಟ್ ತೆಗಿ, ಚೌಕದಲ್ಲಿ ಸರಿಯಾದ ಹೆಸರು ನಾನೇ ಕೈಯಾರೆ ಬರೆದು ಕಾಲೇಜಿಗೆ ಕಳಿಸುತ್ತೇನೆ, ಅವರು ನನ್ನ ಮಾತು ತೆಗೆದುಹಾಕುವುದಿಲ್ಲ ಎಂದರು.

ಚೌಕ ಖಾಲಿ ಬಿಟ್ಟು ಹಾಳೆಗಳನ್ನು ಮುಂದಿಟ್ಟಳು. ಅವರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಪೆನ್ನು ತೆಗೆದರು. ಹನ್ನೆರಡಕ್ಕೂ ಸರಸರನೆ ತಮ್ಮ ಹೆಸರನ್ನೇ ಬರೆದು, ಅವಳ ಕೈಗೆ ಕೊಟ್ಟು ಒಳಗೆ ಹೋದರು.

ಆ ಹಾಳೆಗಳನ್ನು ಅಕ್ಕ ಮನೆಗೆ ತಂದು ನನ್ನ ಮುಂದೆ ಹಾಕಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನೇನಂದೆ?" ಎಂದು ಕೇಳಿದೆ.

"ಥ್ಯಾಂಕ್ಸ್ ಸರ್ ಅಂದೆ."