ಬೂಬಮ್ಮ ಹಾಕಿದ ಗುಂಡಿ

ಬೂಬಮ್ಮನ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗೆ ತೂತು ತೂತಾಗಿತ್ತು. ಸೂಜಿ ಚುಚ್ಚಿ ಚುಚ್ಚಿ ಆದದ್ದು. ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. "ನೋಯಲ್ವಾ?" ಎಂದರೆ, "ಅದು ಸತ್ತೋಗಿ ಎಷ್ಟೋ ವರ್ಸಾಯ್ತು ಬೇಟಿ, ಮಿಕ್ಕ ಒಂಬತ್ತು ಚೆನ್ನಾಗವೆ" ಎಂದು ನಗುತ್ತಿದ್ದರು.

ಮದ್ದೂರಿನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ. ಗಂಡನಿಗೆ ಪೇಟೆಯಲ್ಲಿ ದರ್ಜಿ ಅಂಗಡಿ. ಮಿಷನ್ನಿನ ಕೆಲಸವೆಲ್ಲ ಅಲ್ಲೇ. ಕಾಜಾ, ಗುಂಡಿಯ ಕೈಕೆಲಸ ಮಾತ್ರ ಮನೆಗೆ ಬರುತ್ತಿತ್ತು. ಬಾಗಿಲ ಪರದೆ ದಾಟಿ ಬೂಬಮ್ಮ ಹಗಲು ಹೊತ್ತು ಬೀದಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಅವರ ಗುಂಡಿಗಳು ಊರೆಲ್ಲ ಓಡಾಡುತ್ತಿದ್ದವು. "ಸಾಬರ ಅಂಗಡೀದು ಅಂಗಿ ಅರಿದ್ರೂ ಗುಂಡಿ ಕೀಳಲ್ಲ ಕಣ್ಲಾ" ಎಂದು ಪೇಟೆಯಲ್ಲಿ ಮಾತಿತ್ತು. ಯಾರಾದರೂ ಅದನ್ನು ಹೇಳಿದರೆ ಬೂಬಮ್ಮ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದರು. ಅವರ ಜಂಬ ಅಷ್ಟೇ.

ನಾನೋ ಹತ್ತು ವರ್ಷದ ತಲೆಹರಟೆ. ಬಾಯಿಬಿಟ್ಟರೆ 'ಯಾಕೆ'. ಅವರು ಗುಂಡಿಗೂ ಬಟ್ಟೆಗೂ ನಡುವೆ ಬೆಂಕಿಕಡ್ಡಿ ಇಟ್ಟು ಹೊಲಿಯುತ್ತಿದ್ದರು. ಆಮೇಲೆ ಕಡ್ಡಿ ಎಳೆದು, ಸಡಿಲಾದ ಎಳೆಗಳಿಗೆ ದಾರ ಸುತ್ತಿ ಗುಂಡಿಗೊಂದು ಕತ್ತು ಮಾಡುತ್ತಿದ್ದರು. ಕಡ್ಡಿ ಯಾಕೆ? "ಬಿಗಿಯಾಗಿ ಒಲುದ್ರೆ ಬಟ್ಟೆ ಕಿತ್ತೋಯ್ತದೆ. ಗುಂಡಿಗೂ ಉಸ್ರಾಡಕ್ಕೆ ಜಾಗ ಬುಡ್ಬೇಕು." ದಾರಕ್ಕೆ ಮೇಣ ಯಾಕೆ? ಅದಕ್ಕೂ ಉತ್ತರವಿತ್ತು. ಗಂಟು ಎಲ್ಲಿ ಎಂದರೆ ಮಾತ್ರ ಉಹೂಂ. ಬಟ್ಟೆಯನ್ನು ಮುಂದೆ ನೋಡಿದರೂ ಇಲ್ಲ, ಹಿಂದೆ ನೋಡಿದರೂ ಇಲ್ಲ!

ಮೈಮೇಲಿನ ಬಟ್ಟೆ ಹೊಲಿಯಬಾರದು, ಹೊಲಿಯಲೇಬೇಕಾದರೆ ತೊಟ್ಟವರು ಒಂದು ದಾರ ಕಚ್ಚಿಕೊಂಡು ಸುಮ್ಮನಿರಬೇಕು ಎಂಬುದು ನಮ್ಮ ಮನೆಯಲ್ಲೂ ಅವರ ಮನೆಯಲ್ಲೂ ಇದ್ದ ನಂಬಿಕೆ. ನಾನು ತೀರಾ ಪೀಡಿಸಿದರೆ ಬೂಬಮ್ಮ ಹೊಲಿಗೆಯಿಲ್ಲದೆಯೇ ನನ್ನ ಬಾಯಿಗೆ ದಾರ ಇಟ್ಟು, "ಕಚ್ಕೊ, ನಾ ಏಳೋಗಂಟ ಬುಡ್ಬ್ಯಾಡ" ಎನ್ನುತ್ತಿದ್ದರು.

ಯುದ್ಧದ ಕಾಲ. ಅಣ್ಣನಿಗೆ ಶಿವನಸಮುದ್ರದ ಕರೆಂಟು ಕಾರ್ಖಾನೆಯಿಂದ ಕೆಲಸದ ಸಂದರ್ಶನಕ್ಕೆ ಕಾಗದ ಬಂತು. ಬಟ್ಟೆಯೇ ಸಿಗದ ಆ ದಿನಗಳಲ್ಲಿ ಅಪ್ಪ ಎಲ್ಲೆಲ್ಲೋ ಅಲೆದು ಬಟ್ಟೆ ತಂದು ಸಾಬರ ಅಂಗಡಿಯಲ್ಲಿ ಅವನಿಗೊಂದು ಕೋಟು ಹೊಲಿಸಿದರು. ಹೊರಡುವ ದಿನ ಬೆಳಿಗ್ಗೆ ಅದು ಗೂಟದಲ್ಲಿ ನೇತಾಡುತ್ತಿತ್ತು. ಎಲ್ಲರೂ ಕೊಟ್ಟಿಗೆ, ಒಲೆ ಎಂದು ಓಡಾಡುತ್ತಿದ್ದಾಗ ನಾನು ನಡುವಿನ ಗುಂಡಿಯ ಕತ್ತಿಗೆ ಬ್ಲೇಡು ಹಾಕಿದೆ. ಗಂಟು ನೋಡಬೇಕಿತ್ತು, ಅಷ್ಟೇ. ಸಿಕ್ಕಿತು! ಗುಂಡಿಯ ಅಡಿಯಲ್ಲೇ, ಸುತ್ತಿದ ದಾರದ ಒಳಗೆ, ಸಾಸಿವೆಯಷ್ಟು. ಖುಷಿಯಾಯಿತು. ಆಮೇಲೆ ನೋಡಿದರೆ ಗುಂಡಿ ನನ್ನ ಕೈಯಲ್ಲಿತ್ತು. ಅಮ್ಮನ ಸೂಜಿ ತಂದು ನಾನೇ ಹೊಲಿದೆ. ಗಾಬರಿಯಲ್ಲಿ ಕಡ್ಡಿ ಇಡುವುದೇ ಮರೆತಿತ್ತು.

ಮನೆ ಮುಂದಿನ ರಸ್ತೆಯಲ್ಲಿ ಮಳವಳ್ಳಿ ಕಡೆಯ ಇದ್ದಿಲು ಬಸ್ಸು ಹೊಗೆ ಕಾರುತ್ತ ಹೊರಡಲು ಸಿದ್ಧವಾಗಿತ್ತು. ಅಣ್ಣ ಮೆಟ್ಟಿಲ ಮೇಲೆ ಕಾಲಿಟ್ಟು ಕೋಟಿನ ಗುಂಡಿ ಹಾಕಿಕೊಂಡ. ಪಟ್ಟನೆ ಗುಂಡಿ ಕಿತ್ತು ಅವನ ಕೈಗೇ ಬಂತು. ಸಾಬರು ಬಟ್ಟೆ ತರಲು ಮೈಸೂರಿಗೆ ಹೋಗಿದ್ದರು. ಅಮ್ಮ ಹಿತ್ತಲಿಗೆ ಓಡಿ, "ಬೂಬಮ್ಮಾ, ಮಗನ ಮರ್ಯಾದೆ ಓಯ್ತದೆ" ಎಂದು ಕೂಗಿಕೊಂಡಳು.

ಪರದೆ ಸರಿಯಿತು. ಸೂಜಿ ಹಿಡಿದು ಬೂಬಮ್ಮ ನಡುಬೀದಿಗೆ ಬಂದರು. ಬಸ್ಸಿನ ಗಂಡಸರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. "ಕಚ್ಕೊಳಪ್ಪ" ಎಂದು ಅಣ್ಣನ ಬಾಯಿಗೆ ದಾರ ಕೊಟ್ಟರು. ಕೋಟಿನಲ್ಲಿ ಉಳಿದಿದ್ದ ನನ್ನ ದಪ್ಪ ಗಂಟು ಅವರ ಕೈಗೆ ತಗುಲಿತು. ನನ್ನನ್ನು ನೋಡಿದರು. ಅದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಏನ್ ಬೂಬಮ್ನೋರೆ, ನಿಮ್ ಕೈ ಗುಂಡೀನೂ ಇಂಗಾ?" ಎಂದು ಅಪ್ಪ ಗದರಿದರು.

"ದಾರ ಅಳೇದಾಗಿತ್ತು ಕಣಪ್ಪ. ತಪ್ಪು ನಂದೇ."

ಇಡೀ ಬಸ್ಸು ಕೇಳಿಸಿಕೊಂಡಿತು. ಅಣ್ಣನಿಗೆ ಕೆಲಸ ಸಿಕ್ಕಿತು. ಪೇಟೆಯ ಆ ಮಾತು ಮಾತ್ರ ಅಂದಿಗೇ ನಿಂತುಹೋಯಿತು. ಸಾಬರು ಅಂದಿನಿಂದ ಹೆಂಡತಿ ಹಾಕಿದ ಒಂದೊಂದು ಗುಂಡಿಯನ್ನೂ ಮನೆಯಲ್ಲೇ ಎಳೆದು ನೋಡಿ ಅಂಗಡಿಗೆ ಒಯ್ಯುತ್ತಿದ್ದರು. ಅವರು ಎಳೆಯುವಾಗ ಬೂಬಮ್ಮ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಗಂಟು ಸಿಕ್ತಾ?" ಎಂದು ಬೂಬಮ್ಮ ಒಂದೇ ಸಲ ಕೇಳಿದರು. ಹೂಂ ಎಂದೆ. ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಹಾಕುವುದನ್ನೂ ಕಲಿಸಿದರು. "ಯಾಕೆ ಸುಳ್ಳು ಹೇಳಿದ್ರಿ?" ಎಂದರೆ ಬಾಯಿಗೆ ದಾರ ಇಟ್ಟರು.

ಸ್ವಾತಂತ್ರ್ಯ ಬಂದ ವರ್ಷ ಬೂಬಮ್ಮ ಜ್ವರದಲ್ಲಿ ತೀರಿಕೊಂಡರು. ಸಾಬರಿಗೆ ಸಮಾಧಾನ ಹೇಳಲು ಅಪ್ಪನ ಜೊತೆ ನಾನೂ ಹೋಗಿದ್ದೆ. "ಆ ಒಂದು ಗುಂಡಿ ಬುಟ್ರೆ ಆಯಮ್ಮನ ಕೈಲಿ ತಪ್ಪೇ ಆಗ್ನಿಲ್ಲ ಬುಡಿ ಸಾಬ್ರೆ" ಎಂದರು ಅಪ್ಪ.

"ಅದೂ ಆಗ್ನಿಲ್ಲ ಕಣಪ್ಪ" ಎಂದೆ. "ಆ ಗುಂಡಿ ಕುಯ್ದೋಳು ನಾನು."

ಅಪ್ಪನ ಕೈ ಮೇಲೆದ್ದಿತು. ಸಾಬರು ಅದನ್ನು ಹಿಡಿದುಕೊಂಡರು. ನನ್ನ ಕಡೆ ತಿರುಗಿದರು.

"ನಂಗೂ ಏಳ್ನಿಲ್ಲವಲ್ಲವ್ವ ಅವ್ಳು. ಐದು ವರ್ಸ ಎಳ್ದು ಎಳ್ದು ನೋಡ್ದೆ... ಒಂದಾದ್ರೂ ಕಿತ್ಕಂಡು ಬರ್ನಿಲ್ಲ."